ಕಬಿನಿಯ ದಡವನ್ನು ಆನೆಗಳಿಗೆ ಬಿಡಿ

ಅರಣ್ಯ, ನೀರಾವರಿ ಮತ್ತು ಪ್ರವಾಸೋದ್ಯಮ ಇಲಾಖೆಗಳ ಹಿರಿಯ ಅಧಿಕಾರಿಗಳಿಗೆ, ಹಾಗೂ ಕಬಿನಿ ನೋಡಲು ಬರುವ ಎಲ್ಲರಿಗೂ,

ನಮಸ್ಕಾರ.

ನಾನು ಎಚ್.ಡಿ. ಕೋಟೆ ಕಡೆಯವನು. ಕಾಡಂಚಿನ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು. ಮೂರು ಇಲಾಖೆಗಳಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಯಾಕಂದ್ರೆ ನಾನು ಹೇಳಬೇಕಾಗಿರುವ ಜಾಗ ನಿಮ್ಮ ಮೂವರ ನಡುವೆ ಬಿದ್ದುಕೊಂಡಿದೆ. ಅಣೆಕಟ್ಟೆ, ನೀರು ನೀರಾವರಿಯವರದು. ಕಾಡು, ಪ್ರಾಣಿ ಅರಣ್ಯ ಇಲಾಖೆಯದು. ನೋಡಲು ಬರುವ ಜನ ಪ್ರವಾಸೋದ್ಯಮದವರ ಲೆಕ್ಕ. ಆದರೆ ಬೇಸಿಗೆಯಲ್ಲಿ ನೀರು ಇಳಿದಾಗ ಕೆಳಗಿನಿಂದ ಒಂದು ನೆಲ ಎದ್ದು ಬರುತ್ತದಲ್ಲ, ಆ ಹಸಿರು ದಡ, ಅದರ ಬಗ್ಗೆ ಕೂತು ಯೋಚನೆ ಮಾಡುವವರು ಯಾರು? ನನಗಂತೂ ಯಾರೂ ಕಾಣುತ್ತಿಲ್ಲ. ಅದಕ್ಕೇ ಈ ಪತ್ರ.

ಏಪ್ರಿಲ್ ತಿಂಗಳಲ್ಲಿ ಒಂದು ಸಂಜೆ ಹಿನ್ನೀರಿನ ಹತ್ತಿರ ಬಂದು ನಿಲ್ಲಿ. ಬಿಸಿಲು ಸ್ವಲ್ಪ ಇಳಿದಿರಬೇಕು. ಮೊದಲು ಕಾಡಿನ ಅಂಚಿನಲ್ಲಿ ಒಂದು ಹೆಣ್ಣಾನೆ ಕಾಣುತ್ತದೆ. ಸೊಂಡಿಲು ಎತ್ತಿ ಗಾಳಿ ನೋಡುತ್ತದೆ. ಆಮೇಲೆ ಅದರ ಹಿಂದೆ ಇನ್ನೆರಡು, ಅವುಗಳ ಕಾಲ ಸಂದಿಯಲ್ಲಿ ಒಂದು ಮರಿ. ಅರ್ಧ ಗಂಟೆಯಲ್ಲಿ ದಡದ ತುಂಬ ಆನೆ. ಹುಲ್ಲನ್ನು ಸೊಂಡಿಲಿನಿಂದ ಕಿತ್ತು, ಮುಂಗಾಲಿಗೆ ಪಟಪಟ ಬಡಿದು, ಬೇರಿನ ಮಣ್ಣು ಉದುರಿಸಿ ಬಾಯಿಗೆ ಇಡುತ್ತವೆ. ನಮ್ಮ ಅವ್ವ ಸೊಪ್ಪು ಜಾಡಿಸುವ ಹಾಗೇ. ಮರಿಗಳಿಗೆ ಈ ಕೆಲಸ ಇನ್ನೂ ಬರುವುದಿಲ್ಲ. ಬಡಿಯಲು ಹೋಗಿ ಹುಲ್ಲನ್ನೇ ಬೀಳಿಸಿಕೊಳ್ಳುತ್ತವೆ. ಒಂದೊಂದು ದಿನ ಕಣ್ಣಳತೆಯಲ್ಲೇ ನೂರಕ್ಕೆ ಹತ್ತಿರ ಎಣಿಸಬಹುದು. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೇ ಕಡೆ ಸೇರುವ ಜಾಗಗಳು ಪ್ರಪಂಚದಲ್ಲೇ ಬಹಳ ಕಡಿಮೆ.

ಇವು ಎಲ್ಲಿಂದ ಬರುತ್ತವೆ, ಯಾಕೆ ಬರುತ್ತವೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಅಲ್ಲಿ ಮುಂಗಾರು ಜೋರಾದರೆ ಇಲ್ಲಿ ಬೀಚನಹಳ್ಳಿ ಅಣೆಕಟ್ಟೆ ತುಂಬುತ್ತದೆ. ಬಹಳ ವರ್ಷ ರಾಜ್ಯದಲ್ಲೇ ಮೊದಲು ತುಂಬುವ ಜಲಾಶಯ ಇದೇ. ಪೂರ್ತಿ ಮಟ್ಟ 2,284 ಅಡಿ, ಹಿಡಿಯುವ ನೀರು 19.52 ಟಿಎಂಸಿ. ಆಮೇಲೆ ನಾಲೆಗೆ, ಕುಡಿಯುವ ನೀರಿಗೆ, ಕೆಳಗಿನ ಕಾವೇರಿಗೆ ಬಿಡುತ್ತ ಬಿಡುತ್ತ ಮಟ್ಟ ಇಳಿಯುತ್ತದೆ. ಸಂಕ್ರಾಂತಿ ಕಳೆದ ಮೇಲೆ ದಡ ಕಾಣಲು ಶುರು. ಮಳೆಗಾಲವೆಲ್ಲ ನೀರಿನಡಿ ಇದ್ದ ನೆಲ ಅದು. ಹೊಳೆ ತಂದ ಮೆಕ್ಕಲು ಇದೆ, ತೇವ ಇದೆ. ಬಿಸಿಲು ಬಿದ್ದ ಕೂಡಲೇ ಹುಲ್ಲು ಚಿಗುರುತ್ತದೆ. ಅದೇ ಹೊತ್ತಿಗೆ ಸುತ್ತಲ ಕಾಡಿನಲ್ಲಿ ಕೆರೆಗಳು ಬತ್ತಿರುತ್ತವೆ, ಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ. ದೊಡ್ಡ ಆನೆಗೆ ದಿನಕ್ಕೆ ನೂರೈವತ್ತು ಕೆಜಿಯಷ್ಟು ಮೇವು, ನೂರು ಲೀಟರಿಗೂ ಜಾಸ್ತಿ ನೀರು ಬೇಕು. ಎರಡೂ ಒಟ್ಟಿಗೆ ಸಿಗುವುದು ಇಲ್ಲಿ ಮಾತ್ರ. ಹೀಗಾಗಿ ನಾಗರಹೊಳೆಯಿಂದ, ಬಂಡೀಪುರದಿಂದ, ವಯನಾಡು ಕಡೆಯಿಂದ ಗುಂಪುಗಳು ನಡೆದು ಬರುತ್ತವೆ. ಮೊದಲ ಮಳೆ ಬಿದ್ದು ಕಾಡು ಚಿಗುರಿದರೆ ಸದ್ದಿಲ್ಲದೆ ವಾಪಸ್ ಹೊರಡುತ್ತವೆ. ಜೂನ್ ಬಂದರೆ ಆ ಹುಲ್ಲುಗಾವಲು ಮತ್ತೆ ನೀರಿನ ಕೆಳಗೆ.

ಅಂದರೆ ಇಡೀ ಸೀಮೆಯ ಆನೆಗಳ ಬೇಸಿಗೆ ಈ ಎರಡು ಮೂರು ತಿಂಗಳ ದಡದ ಮೇಲೆ ನಿಂತಿದೆ.

ಆನೆಯ ಹಿಂದೆ ಎಲ್ಲವೂ ಬರುತ್ತವೆ. ಜಿಂಕೆ ಸಾಲುಗಟ್ಟಿ ಬರುತ್ತವೆ, ಕಾಟಿ ಬರುತ್ತವೆ, ಕಡವೆ ಮೊಣಕಾಲುದ್ದ ನೀರಿನಲ್ಲಿ ನಿಂತು ಜೊಂಡು ತಿನ್ನುತ್ತವೆ. ಜಿಂಕೆ ಇದ್ದಲ್ಲಿ ಸೀಳುನಾಯಿ. ಅವು ಜಿಂಕೆಯನ್ನು ನೀರಿನ ತನಕ ಅಟ್ಟಿಸಿಕೊಂಡು ಬರುವುದನ್ನು ನಾನು ಒಮ್ಮೆ ನೋಡಿದ್ದೇನೆ. ನೀರಿಗೆ ಬಿದ್ದ ಜಿಂಕೆಗೆ ಅಲ್ಲಿ ಮೊಸಳೆಯ ಭಯ. ದಡದಲ್ಲಿ ನೀರುನಾಯಿ ಸಂಸಾರ ಮೀನು ಹಂಚಿಕೊಂಡು ತಿನ್ನುತ್ತಿರುತ್ತದೆ. ಹಿಂದೆ ಮುಳುಗಿದ ಕಾಡಿನ ಬೊಡ್ಡೆಗಳು ಇನ್ನೂ ನೀರಿನಲ್ಲಿ ನಿಂತಿವೆ. ಅವುಗಳ ತುದಿಯಲ್ಲಿ ರೆಕ್ಕೆ ಬಿಚ್ಚಿ ಒಣಗಿಸುವ ನೀರುಕಾಗೆ, ಹಾವಕ್ಕಿ, ಚಳಿಗಾಲದಲ್ಲಿ ದೂರದೇಶದಿಂದ ಬರುವ ಮೀನು ಹಿಡಿಯುವ ಡೇಗೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತನ್ನೂ ಈ ಕಡೆ ನೋಡಿದ್ದೇವೆ. ಕರಿಚಿರತೆಯ ಫೋಟೋ ನೀವೆಲ್ಲ ನೋಡಿರುತ್ತೀರಿ. ಅದನ್ನು ನೋಡಲೆಂದೇ ಹೊರದೇಶದಿಂದ ಜನ ಬಂದು ವಾರಗಟ್ಟಲೆ ಕಾಯುತ್ತಾರೆ. ಅದರ ಆಸೆಗೆ ಬಂದವರು ದಡದಲ್ಲಿ ಹುಲ್ಲು ಬಡಿಯುವ ಮರಿಯಾನೆಯನ್ನು ಎರಡು ನಿಮಿಷ ನೋಡಿ ಮುಂದೆ ಹೋಗುವುದನ್ನು ಕಂಡಾಗ ನನಗೆ ಬೇಜಾರಾಗುತ್ತದೆ.

ಈ ಕೆರೆ ಮೊದಲಿಂದ ಇಲ್ಲಿ ಇದ್ದದ್ದಲ್ಲ. ಹೊರಗಿನಿಂದ ಬರುವ ಎಷ್ಟೋ ಜನರಿಗೆ ಇದು ಗೊತ್ತಿಲ್ಲ. ಸಾವಿರಾರು ವರ್ಷದ ಕಾಡು, ಸಾವಿರಾರು ವರ್ಷದ ಕೆರೆ ಎಂದುಕೊಂಡಿರುತ್ತಾರೆ. ಅಣೆಕಟ್ಟೆ ಕೆಲಸ ಮುಗಿದದ್ದು 1974ರಲ್ಲಿ. ಅದಕ್ಕೆ ಮೊದಲು ಇಲ್ಲಿ ಹೊಳೆ ಇತ್ತು, ಹೊಳೆಯ ಎರಡು ಕಡೆ ಕಾಕನಕೋಟೆಯ ದಟ್ಟ ಕಾಡು ಇತ್ತು, ನಮ್ಮ ಊರುಗಳಿದ್ದವು. ಕಾಕ ಎಂಬ ಕಾಡುಕುರುಬರ ನಾಯಕನ ಹೆಸರಿನಿಂದ ಕಾಕನಕೋಟೆ ಬಂತು ಎಂದು ಹಿರಿಯರು ಹೇಳುತ್ತಾರೆ. ಕಿತ್ತೂರು ಎಂಬ ಹಳೆಯ ಊರಿತ್ತು. ಬೆಳಗಾವಿಯ ಕಿತ್ತೂರಲ್ಲ, ಇದು ಬೇರೆ. ಗಂಗರು ತಮ್ಮೊಳಗೆ ಸೇರಿಸಿಕೊಳ್ಳುವ ಮೊದಲು ಪುನ್ನಾಟ ಎಂಬ ರಾಜ್ಯ ಈ ಸೀಮೆಯಲ್ಲಿತ್ತು, ಅದರ ರಾಜಧಾನಿ ಕೀರ್ತಿಪುರ ಈ ಕಿತ್ತೂರೇ ಎಂದು ಇತಿಹಾಸ ಬರೆದವರು ಹೇಳುತ್ತಾರೆ. ಅಂಥ ಜಾಗದ ಮೇಲೆ ಇವತ್ತು ದೋಣಿ ಓಡುತ್ತದೆ.

ನನ್ನ ಅಜ್ಜಿಯ ತವರು ಆ ಕಡೆಯ ಒಂದು ಸಣ್ಣ ಊರು. 2017ರ ಬೇಸಿಗೆ ನಿಮಗೆ ನೆನಪಿರಬಹುದು, ಸತತ ಬರದಿಂದ ಹಿನ್ನೀರು ಬಹಳ ಹಿಂದಕ್ಕೆ ಹೋಗಿತ್ತು. ಅಜ್ಜಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದೆ. ಅವಳು ನೆಲ ನೋಡಿಕೊಂಡು ನಿಧಾನ ನಡೆದಳು. ಒಂದು ಕಡೆ ನಿಂತು, "ಅಲ್ಲಿ ಕಾಣ್ತದಲ್ಲಾ ಮಗ, ಆ ಬಂಡೆ, ಅದ್ರ ಹಿಂದ್ಲೆ ನಮ್ಮ ಹಿತ್ಲು" ಎಂದಳು. ಅಲ್ಲಿ ಆನೆ ಲದ್ದಿ ಬಿದ್ದಿತ್ತು. ಇನ್ನೂ ಬೆಚ್ಚಗಿತ್ತು. ಅಜ್ಜಿ ಅದನ್ನು ನೋಡಿ, "ಹೋಗ್ಲಿ ಬುಡು, ನಮ್ಮ ಹಿತ್ಲಲ್ಲಿ ಯಾರೋ ಉಣ್ತಾವ್ರೆ" ಎಂದು ಕೈ ಮುಗಿದಳು. ಆ ಮಾತು ನನ್ನ ತಲೆಯಿಂದ ಇನ್ನೂ ಇಳಿದಿಲ್ಲ. ಜಮೀನು ಕಳೆದುಕೊಂಡ ಮುದುಕಿ ಆನೆಗೆ ಬಿಟ್ಟುಕೊಟ್ಟ ಜಾಗವನ್ನು ನಾವು ಈಗ ಮತ್ತೊಬ್ಬರಿಗೆ ಕೊಡಲು ಹೊರಟಿದ್ದೇವಾ ಎಂಬುದೇ ನನ್ನ ಸಂಕಟ.

ಆನೆಗಳಿಗೂ ಈ ನೆಲಕ್ಕೂ ಇರುವ ಲೆಕ್ಕ ಇನ್ನೂ ಹಳೆಯದು. ಕಾಕನಕೋಟೆ ಎಂದರೆ ಖೆಡ್ಡಾ, ಅಂದರೆ ಕಾಡಾನೆಗಳನ್ನು ಅಟ್ಟಿ ಬೇಲಿಯೊಳಗೆ ಕೂಡಿ ಹಿಡಿಯುವುದು. ಹೈದರಾಲಿ ಇಲ್ಲಿ ಆನೆ ಹಿಡಿಸಲು ಹೋಗಿ ಸೋತ, ಇನ್ನು ಯಾರಿಂದಲೂ ಆಗದು ಎಂದು ಕಲ್ಲಿನ ಮೇಲೆ ಬರೆಸಿದ ಎಂದು ಕಥೆಯಿದೆ. ಆಮೇಲೆ 1870ರ ದಶಕದಲ್ಲಿ ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ ಮೈಸೂರು ಸೀಮೆಯಲ್ಲಿ ಖೆಡ್ಡಾ ಮಾಡಿ ತೋರಿಸಿದ. ಕಾಕನಕೋಟೆಯ ಖೆಡ್ಡಾ ನಡೆಯುತ್ತಿದ್ದದ್ದು ಹೀಗೆ. ನೂರಾರು ಜನ ತಮಟೆ ಬಡಿದು, ಬೆಂಕಿ ತೋರಿಸಿ, ಕಾಡಿನ ಗುಂಪುಗಳನ್ನು ಕಬಿನಿ ಹೊಳೆಯ ಕಡೆ ಅಟ್ಟುತ್ತಿದ್ದರು. ಸಾಕಾನೆಗಳು ಎರಡೂ ಕಡೆ ಒತ್ತಿಕೊಂಡು ಬಂದು ಹೊಳೆ ದಾಟಿಸುತ್ತಿದ್ದವು. ಆಚೆ ದಡದಲ್ಲಿ ದೊಡ್ಡ ದಿಮ್ಮಿಗಳ ಬೇಲಿ. ಒಳಗೆ ಹೋದರೆ ಬಾಗಿಲು ಬಿತ್ತು. ಹೊಳೆಯ ಪಕ್ಕದಲ್ಲಿ ಅಟ್ಟಣೆ ಕಟ್ಟಿ ಮಹಾರಾಜರು, ಬ್ರಿಟಿಷ್ ದೊರೆಗಳು ಕೂತು ನೋಡುತ್ತಿದ್ದರು. ಸುಮಾರು ನೂರು ವರ್ಷದಲ್ಲಿ ಮೈಸೂರು ಸೀಮೆಯ ಖೆಡ್ಡಾಗಳಲ್ಲಿ ಸೆರೆಸಿಕ್ಕ ಆನೆಗಳು ಸಾವಿರದ ಐನೂರಕ್ಕೂ ಹೆಚ್ಚು. ಎಷ್ಟೋ ಆನೆಗಳು ಹಿಡಿಯುವಾಗಲೋ ಹಿಡಿದ ಮೇಲೋ ಸತ್ತವು. ಕೊನೆಯ ಖೆಡ್ಡಾ 1971ರಲ್ಲಿ. ಮೂರು ವರ್ಷದಲ್ಲಿ ಆ ಹೊಳೆಯ ದಡವೇ ನೀರೊಳಗೆ ಹೋಯಿತು.

ಈ ಕಥೆಯನ್ನು ಯಾಕೆ ಹೇಳಿದೆ ಎಂದರೆ, ಅರ್ಜುನ ಇಲ್ಲಿಯವನು. 1968ರಲ್ಲಿ ಕಾಕನಕೋಟೆ ಕಾಡಿನ ಖೆಡ್ಡಾದಲ್ಲಿ ಸಿಕ್ಕ ಆನೆ. ದಸರಾದಲ್ಲಿ 750 ಕೆಜಿ ತೂಕದ ಚಿನ್ನದ ಅಂಬಾರಿಯನ್ನು ಎಂಟು ವರ್ಷ ಹೊತ್ತ. ಇಡೀ ರಾಜ್ಯ ಟೀವಿ ಮುಂದೆ ಕೂತು ಅವನಿಗೆ ಕೈ ಮುಗಿಯಿತು. ದಸರಾ ಮುಗಿದರೆ ಅವನು ವಾಪಸ್ ಬರುತ್ತಿದ್ದದ್ದು ಹಿನ್ನೀರಿನ ಪಕ್ಕದ ಬಳ್ಳೆ ಆನೆ ಶಿಬಿರಕ್ಕೆ. 2023ರ ಡಿಸೆಂಬರ್ 4ರಂದು ಸಕಲೇಶಪುರ ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡಾನೆಯ ಜೊತೆ ಸೆಣಸುತ್ತ ಸತ್ತ. ಆವತ್ತು ನಮ್ಮ ಶಾಲೆಯಲ್ಲಿ ಮಕ್ಕಳು ಮಧ್ಯಾಹ್ನದ ಊಟ ಬಿಟ್ಟು ಕೂತಿದ್ದರು. ಮಾವುತರ, ಕಾವಾಡಿಗಳ ಮನೆಯ ಮಕ್ಕಳಿಗೆ ಅವನು ಮನೆಯವನು. ಕಾಡಿನಿಂದ ಹಿಡಿದು ತಂದ ಆನೆಯಿಂದಲೇ ಇನ್ನೊಂದು ಕಾಡಾನೆಯನ್ನು ಹಿಡಿಸಲು ಹೋಗಿ ಕಳೆದುಕೊಂಡೆವು. ಕಾಡಾನೆ ಊರಿಗೆ ಬರದ ಹಾಗೆ ಮೇವಿನ ಜಾಗ ಉಳಿಸುವುದಕ್ಕಿಂತ ಹಿಡಿಯುವುದು ಕಷ್ಟ. ಇದನ್ನು ಬಳ್ಳೆಯ ಯಾವ ಮಾವುತನನ್ನು ಕೇಳಿದರೂ ಹೇಳುತ್ತಾನೆ.

ಭೋಗೇಶ್ವರನನ್ನೂ ನೆನೆಸಿಕೊಳ್ಳಬೇಕು. ನೆಲ ಮುಟ್ಟುವ ಹಾಗೆ ಇಳಿದ ದಂತದ ಆ ದೊಡ್ಡ ಸಲಗ. 2022ರ ಜೂನ್‌ನಲ್ಲಿ ಬಂಡೀಪುರದ ಗುಂಡ್ರೆ ವಲಯದಲ್ಲಿ ವಯಸ್ಸಾಗಿ ಸತ್ತ. ಅಳೆದಾಗ ಒಂದು ದಂತ ಎರಡೂವರೆ ಮೀಟರಿನಷ್ಟಿತ್ತು, ಇನ್ನೊಂದು ಅದಕ್ಕಿಂತ ಸ್ವಲ್ಪ ಚಿಕ್ಕದು. ಅಷ್ಟು ದಂತ ಇಟ್ಟುಕೊಂಡ ಆನೆ ಗುಂಡು ತಿನ್ನದೆ, ಉರುಳಿಗೆ ಬೀಳದೆ ಅರವತ್ತು ವರ್ಷದ ಹತ್ತಿರ ಬದುಕಿತು ಎಂದರೆ ಅದಕ್ಕೆ ಅರಣ್ಯ ಇಲಾಖೆಯ ವಾಚರ್‌ಗಳಿಗೆ, ಗಾರ್ಡ್‌ಗಳಿಗೆ ನಾವು ಋಣಿ. ಅವನಿಗೆ ಈ ದಡ ನಾಗರಹೊಳೆ, ಆ ದಡ ಬಂಡೀಪುರ ಎಂಬ ಗಡಿ ಗೊತ್ತಿರಲಿಲ್ಲ. ಹಿನ್ನೀರು ಇಳಿದಾಗ ಇವೆರಡೂ ಒಂದೇ ಮನೆ.

ಕಾಪಾಡಿದವರ ಮಾತು ಬಂದರೆ ಕೆ.ಎಂ. ಚಿಣ್ಣಪ್ಪನವರ ಹೆಸರು ಹೇಳದೆ ಮುಂದೆ ಹೋಗಲಾರೆ. 1955ರಲ್ಲಿ ಅಭಯಾರಣ್ಯವಾದ ನಾಗರಹೊಳೆ ಮುಂದೆ 643 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನವಾಯಿತು. ಕಾಗದದಲ್ಲಿ ಆಗುವುದು ಬೇರೆ, ನೆಲದ ಮೇಲೆ ಆಗುವುದು ಬೇರೆ. ಕಳ್ಳಬೇಟೆ, ಮರ ಕಡಿಯುವುದು, ಹಡ್ಲುಗಳಲ್ಲಿ ಭತ್ತದ ಗದ್ದೆ, ಎಲ್ಲ ಇತ್ತು. ಹಡ್ಲು ಎಂದರೆ ಕಾಡಿನ ನಡುವೆ ತಗ್ಗಿನಲ್ಲಿ ವರ್ಷವಿಡೀ ತೇವ ಇರುವ ಹುಲ್ಲಿನ ಬಯಲು. ನಾಗರಹೊಳೆಯ ಜೀವಾಳವೇ ಅದು. ರೇಂಜರ್ ಆಗಿದ್ದ ಚಿಣ್ಣಪ್ಪನವರು ಬೆದರಿಕೆ, ಜೈಲು ಎಲ್ಲವನ್ನೂ ಅನುಭವಿಸಿ ಕಾಡನ್ನು ಉಳಿಸಿದರು. 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ಅದೇ ಕಾಡಿನಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ್ ಕಾರಂತರು ಕ್ಯಾಮೆರಾ ಕಟ್ಟಿ, ಪಟ್ಟೆ ನೋಡಿ ಹುಲಿ ಎಣಿಸುವ ವಿಧಾನವನ್ನು ಬೆಳೆಸಿದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. 2022ರ ಗಣತಿಯಲ್ಲಿ ನಾಗರಹೊಳೆಯಲ್ಲಿ 141 ಹುಲಿ, ಪಕ್ಕದ ಬಂಡೀಪುರದಲ್ಲಿ 150.

ಈ ಕಾಡಿಗಾಗಿ ಬೆಲೆ ಕೊಟ್ಟವರಲ್ಲಿ ಜೇನುಕುರುಬರು, ಬೆಟ್ಟಕುರುಬರು ಮುಂದಿದ್ದಾರೆ. ಆನೆ ಪಳಗಿಸಿದವರು ಅವರು, ಬೆಂಕಿ ನಂದಿಸುವವರು ಅವರು, ಇವತ್ತೂ ರಾತ್ರಿ ಕಾವಲು ಶಿಬಿರದಲ್ಲಿ ಮಲಗುವವರು ಅವರೇ. ರಾಷ್ಟ್ರೀಯ ಉದ್ಯಾನ ಆದಾಗ ಹಾಡಿ, ಅಂದರೆ ಕಾಡಿನೊಳಗಿನ ತಮ್ಮ ಊರು, ಬಿಟ್ಟು ಹೊರಗೆ ಬಂದ ಮನೆಗಳ ಕಥೆ ನಮ್ಮ ಶಾಲೆಯ ಮಕ್ಕಳ ಬಾಯಲ್ಲೇ ಇದೆ. 1990ರ ದಶಕದಲ್ಲಿ ನಾಗರಹೊಳೆಯ ಕಾಡಿನ ಒಳಗೇ ಒಂದು ದೊಡ್ಡ ಹೋಟೆಲ್ ಬರುವುದಿತ್ತು. ಹಾಡಿಯ ಜನ ಕೋರ್ಟಿಗೆ ಹೋದರು. 1997ರಲ್ಲಿ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು, ಹೋಟೆಲ್ ನಿಂತಿತು. ಅಕ್ಷರ ಗೊತ್ತಿಲ್ಲದ ಜನ ಕಾನೂನು ಓದಿದವರಿಗೆ ಕಾಡಿನ ಕಾನೂನು ನೆನಪಿಸಿದರು. ಇಂಥ ಹೋರಾಟದ ನೆಲದಲ್ಲಿ ನಾವು ನಿಂತಿದ್ದೇವೆ.

ಈಗ ನನ್ನ ದೂರಿಗೆ ಬರುತ್ತೇನೆ. ಮೂರು ವರ್ಷದ ಹಿಂದೆ, ಮೇ ತಿಂಗಳು. ಹಿನ್ನೀರಿಗೆ ಸ್ವಲ್ಪ ದೂರದಲ್ಲಿ ನಮ್ಮ ಚಿಕ್ಕಪ್ಪನ ಬಾಳೆ ತೋಟವಿದೆ. ಸಂಜೆ ಅಲ್ಲಿಂದ ನೋಡುತ್ತಿದ್ದೆ. ಆಚೆ ದಡದಲ್ಲಿ ಹನ್ನೊಂದು ಆನೆ ನೀರಿಗೆ ಇಳಿಯುತ್ತಿದ್ದವು. ತೀರಾ ಚಿಕ್ಕ ಮರಿ ಒಂದಿತ್ತು. ಅಷ್ಟರಲ್ಲಿ ಒಂದು ದೋಣಿ ಬಂತು. ಇಂಜಿನ್ ನಿಲ್ಲಿಸಲಿಲ್ಲ. ಹತ್ತಿರ, ಇನ್ನೂ ಹತ್ತಿರ ಹೋಯಿತು. ಫೋಟೋ ಚೆನ್ನಾಗಿ ಬರಬೇಕಲ್ಲ. ದೊಡ್ಡ ಹೆಣ್ಣಾನೆ ಕಿವಿ ಅಗಲಿಸಿ ಮುಂದೆ ಬಂತು. ದೋಣಿಯಲ್ಲಿದ್ದವರು ಕೂಗಿದರು, ನಕ್ಕರು. ಗುಂಪು ಮರಿಯನ್ನು ನಡುವೆ ಹಾಕಿಕೊಂಡು ನೀರು ಕುಡಿಯದೆ ಕಾಡಿಗೆ ತಿರುಗಿತು. ಅದೇ ರಾತ್ರಿ ಚಿಕ್ಕಪ್ಪನ ತೋಟಕ್ಕೆ ಆನೆ ನುಗ್ಗಿ ಎಂಬತ್ತು ಬಾಳೆ ಮುರಿದವು. ಅದೇ ಗುಂಪು ಎಂದು ನಾನು ಆಣೆ ಮಾಡಿ ಹೇಳಲಾರೆ. ಆದರೆ ಹಗಲು ದಡದಲ್ಲಿ ನೆಮ್ಮದಿಯಾಗಿ ಮೇಯಲು ಬಿಡದಿದ್ದರೆ ಹಸಿದ ಆನೆ ರಾತ್ರಿ ಎಲ್ಲಿಗೆ ಹೋಗಬೇಕು ಹೇಳಿ. ಪರಿಹಾರಕ್ಕೆ ಚಿಕ್ಕಪ್ಪ ಅರ್ಜಿ ಹಿಡಿದು ಓಡಾಡಿದ್ದು ಬೇರೆ ಕಥೆ.

ದೋಣಿ ಒಂದೇ ಅಲ್ಲ. ದಡದ ಈಚೆಗೆ ಕಟ್ಟಡಗಳು ಏಳುತ್ತಿವೆ. ಬೇಲಿ ನೀರಿನ ತನಕ ಬರುತ್ತದೆ. ನೀರು ಹಿಂದೆ ಹೋದ ಹಾಗೆ ಬೇಲಿಯೂ ಅದರ ಹಿಂದೆ ಇಳಿಯುತ್ತದೆ. ರಾತ್ರಿ ದೊಡ್ಡ ದೀಪಗಳ ಬೆಳಕು ನೀರಿನ ಮೇಲೆ ಬಿದ್ದು ಆಚೆ ದಡ ಹಗಲಿನ ಹಾಗೆ ಕಾಣುತ್ತದೆ. ಮದುವೆ ಇದ್ದರೆ ಪಟಾಕಿ, ಧ್ವನಿವರ್ಧಕ. ನಮ್ಮವರ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಇಳಿದ ಹಿನ್ನೀರಿನ ನೆಲದಲ್ಲಿ ಒಂದು ಬೆಳೆ ತೆಗೆಯೋಣ ಎಂದು ಉಳುವವರಿದ್ದಾರೆ. ದನಗಳನ್ನು ಅದೇ ಹುಲ್ಲಿಗೆ ಬಿಡುತ್ತೇವೆ. ಕಾಲುಬಾಯಿ ಜ್ವರದಂಥ ಕಾಯಿಲೆ ದನದಿಂದ ಕಾಟಿಗೆ, ಜಿಂಕೆಗೆ ಹೋಗಬಹುದು. ಹರಿದ ಮೀನು ಬಲೆಗಳು ನೀರಿನಲ್ಲೇ ಬಿದ್ದಿರುತ್ತವೆ, ನೀರುನಾಯಿ ಸಿಕ್ಕಿಕೊಳ್ಳುತ್ತದೆ. ಇದನ್ನೆಲ್ಲ ಊರಿನಲ್ಲಿ ಹೇಳಿದರೆ, "ಅವ್ರಿಗೆ ಕೇಳೋರಿಲ್ಲ, ನಮ್ಗೆ ಮಾತ್ರ ಹೇಳ್ತೀರಲ್ಲ ಮೇಷ್ಟ್ರೇ" ಅನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನಿಮ್ಮ ಹತ್ತಿರ ಇರಬೇಕು.

2025ರ ಅಕ್ಟೋಬರ್, ನವೆಂಬರಿನಲ್ಲಿ ಸರಗೂರು ಕಡೆ ಹುಲಿ ದಾಳಿಗೆ ರೈತರು ಸತ್ತರು. ಹೊಲದಲ್ಲಿ ಕೆಲಸ ಮಾಡುತ್ತಿದ್ದ ಜನ. ಊರೂರಲ್ಲಿ ಸಿಟ್ಟು, ಭಯ. ಮಕ್ಕಳನ್ನು ಒಬ್ಬೊಬ್ಬರಾಗಿ ಶಾಲೆಗೆ ಕಳಿಸಲು ತಾಯಂದಿರು ಒಪ್ಪಲಿಲ್ಲ. ಆಗ ಸರ್ಕಾರ ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿ ನಿಲ್ಲಿಸಿತು. ಸಫಾರಿಗೂ ಹುಲಿ ಹೊರಗೆ ಬರುವುದಕ್ಕೂ ಸಂಬಂಧ ಇದೆಯೋ ಇಲ್ಲವೋ ಎಂದು ದೊಡ್ಡ ಜಗಳವೇ ಆಯಿತು. ಅದನ್ನು ತೀರ್ಮಾನ ಮಾಡುವ ಓದು ನನಗಿಲ್ಲ, ತಿಳಿದವರು ಅಳೆದು ಹೇಳಲಿ. ಆದರೆ ಆ ದಿನಗಳಲ್ಲಿ ಒಂದು ವಿಷಯ ಕಣ್ಣಿಗೆ ಬಿತ್ತು. ಸಫಾರಿ ನಿಂತರೆ ಯಾರಿಗೆ ನಷ್ಟ ಎಂದು ಎಲ್ಲರೂ ಲೆಕ್ಕ ಹೇಳಿದರು. ದಡ ಹೋದರೆ ಯಾರಿಗೆ ನಷ್ಟ ಎಂದು ಒಬ್ಬರೂ ಕೇಳಲಿಲ್ಲ. ದಡ ಹೋದರೆ ಆನೆ ಬರುವುದಿಲ್ಲ. ಆನೆ, ಜಿಂಕೆ ಬರದ ಮೇಲೆ ಕಬಿನಿಗೆ ನೋಡಲು ಬರುವವರಾದರೂ ಯಾರು? ಜೀಪ್ ಓಡಿಸುವ ನಮ್ಮೂರ ಹುಡುಗರ ಅನ್ನವೂ ಅದೇ ಹುಲ್ಲಿನ ಮೇಲೆ ನಿಂತಿದೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಪ್ರತಿ ವರ್ಷ ಜನವರಿಯಲ್ಲಿ, ದಡ ಕಾಣಲು ಶುರುವಾಗುವ ಹೊತ್ತಿಗೆ, ನೀವು ಮೂರೂ ಇಲಾಖೆಯವರು ಎಚ್.ಡಿ. ಕೋಟೆಯಲ್ಲೋ ಸರಗೂರಿನಲ್ಲೋ ಒಂದು ದಿನ ಒಟ್ಟಿಗೆ ಕೂರಿ. ಪಂಚಾಯಿತಿಯವರನ್ನು ಕರೆಯಿರಿ, ಹಾಡಿಯ ಹಿರಿಯರನ್ನು ಕರೆಯಿರಿ, ಮೀನು ಹಿಡಿಯುವವರನ್ನು ಕರೆಯಿರಿ. ಆ ಬೇಸಿಗೆಗೆ ದಡದ ನಿಯಮ ಅಲ್ಲೇ ತೀರ್ಮಾನ ಆಗಲಿ. ಮಾರ್ಚ್‌ನಿಂದ ಮಳೆ ಹಿಡಿಯುವ ತನಕ ದೋಣಿಗಳ ಸಂಖ್ಯೆ ಜಾಸ್ತಿ ಮಾಡಬೇಡಿ. ಆನೆ ನೀರಿನ ಹತ್ತಿರ ಇದ್ದರೆ ದೋಣಿ ದೂರ ನಿಂತು ಇಂಜಿನ್ ಆರಿಸಬೇಕು. ಎಷ್ಟು ದೂರ ಎಂಬುದನ್ನು ಬಳ್ಳೆಯ ಮಾವುತರನ್ನು ಕೇಳಿ, ಆನೆಯ ಕಿವಿ ನೋಡಿ ಅದರ ಮನಸ್ಸು ಹೇಳುವ ಜನ ಅವರು. ಕತ್ತಲಾದ ಮೇಲೆ ನೀರಿನ ಕಡೆ ದೊಡ್ಡ ದೀಪ ಹಾಕುವಂತಿಲ್ಲ ಎಂದು ಬರೆದು ಅಂಟಿಸಿ. ಮಟ್ಟ ಇಳಿದ ನೆಲಕ್ಕೆ ಯಾರೂ ಬೇಲಿ ಹಾಕದ ಹಾಗೆ ನೋಡಿ. ಹೋಟೆಲಿನವನಾಗಲಿ, ನಮ್ಮ ರೈತನಾಗಲಿ, ಒಂದೇ ಕಾನೂನು.

ನೀರಾವರಿಯವರಿಗೆ ಒಂದು ಸಣ್ಣ ಮಾತು. ನೀರು ಹಿಡಿದಿಡಿ ಎಂದು ನಾನು ಕೇಳುತ್ತಿಲ್ಲ. ಕೆಳಗೆ ನಂಜನಗೂಡು, ತಿ. ನರಸೀಪುರ, ಅದರಾಚೆ ಎಷ್ಟೋ ಜನ ಆ ನೀರು ನಂಬಿದ್ದಾರೆ. ಮಟ್ಟವನ್ನು ಜೋರಾಗಿ ಇಳಿಸುವುದಿದ್ದರೆ ಎರಡು ದಿನ ಮೊದಲು ಅರಣ್ಯದವರಿಗೆ ಒಂದು ಫೋನ್ ಮಾಡಿ, ಸಾಕು. ಹೊಸದಾಗಿ ತೆರೆದುಕೊಂಡ ಕೆಸರಿನಲ್ಲಿ ಮರಿಯಾನೆ ಹೂತುಕೊಂಡರೆ ತಾಯಿಯೂ ಬಿಟ್ಟು ಹೋಗುವುದಿಲ್ಲ. ಎಲ್ಲಿ ಕಾವಲಿರಬೇಕು ಎಂದು ಅವರಿಗೆ ಗೊತ್ತಾಗುತ್ತದೆ.

ಮೈಸೂರು–ಮಾನಂದವಾಡಿ ರಸ್ತೆ ಸಂಜೆ ಆರರಿಂದ ಬೆಳಿಗ್ಗೆ ಆರರ ತನಕ ಮುಚ್ಚುವ ನಿಯಮ 2008ರಲ್ಲಿ ಬಂತು. ಆಗ ಎಷ್ಟು ವಿರೋಧ ಇತ್ತು! ವ್ಯಾಪಾರ ಹೋಯಿತು ಎಂದರು, ಊರು ಹಾಳಾಯಿತು ಎಂದರು. ಆ ನಿಯಮದಿಂದ ರಾತ್ರಿಯ ಹನ್ನೆರಡು ಗಂಟೆಗಳ ಕಾಲ ಪ್ರಾಣಿಗಳಿಗೆ ರಸ್ತೆ ಸಿಕ್ಕಿತು. ಊರು ಹಾಳಾಗಲಿಲ್ಲ. ಮನಸ್ಸು ಮಾಡಿದರೆ ನಿಮ್ಮಿಂದ ಆಗುತ್ತದೆ ಎಂದು ಗೊತ್ತಿರುವುದರಿಂದಲೇ ಕೇಳುತ್ತಿದ್ದೇನೆ.

ಇನ್ನು ಮಕ್ಕಳ ವಿಷಯ. ಕಾಡಿನಿಂದ ಐದಾರು ಕಿಲೋಮೀಟರ್ ದೂರದ ನಮ್ಮ ಮಕ್ಕಳಿಗೆ ಆನೆ ಎಂದರೆ ಹೊಲ ತುಳಿಯುವ ಪ್ರಾಣಿ. ರಾತ್ರಿ ಅಪ್ಪ ಟಾರ್ಚ್ ಹಿಡಿದು ಕಾಯಲು ಹೋದರೆ ಬೆಳಿಗ್ಗೆ ಬರುವ ತನಕ ಅವರಿಗೆ ನಿದ್ದೆ ಇಲ್ಲ. ಸಫಾರಿಯ ಟಿಕೆಟ್ ಅವರ ಮನೆಯ ಕೈಗೆ ಎಟಕುವ ದುಡ್ಡಲ್ಲ. ಅರಣ್ಯ ಇಲಾಖೆಯ ಚಿಣ್ಣರ ವನ ದರ್ಶನದಲ್ಲಿ ಒಂದು ವರ್ಷ ನಮ್ಮ ಶಾಲೆಗೆ ಅವಕಾಶ ಸಿಕ್ಕಿತು. ಬಸ್ಸಿನಲ್ಲಿ ಹೊರಟಾಗ ಗಲಾಟೆಯೋ ಗಲಾಟೆ. ದಮ್ಮನಕಟ್ಟೆ ದಾಟಿ ದಡ ಕಂಡ ಕೂಡಲೇ ಎಲ್ಲರೂ ಸುಮ್ಮನಾದರು. ಹೋದ ತಿಂಗಳು ಅಪ್ಪನ ಜೋಳ ಕಳೆದುಕೊಂಡಿದ್ದ ಹುಡುಗಿಯೊಬ್ಬಳು ಮರಿಯಾನೆ ನೋಡುತ್ತ ಮೆಲ್ಲಗೆ, "ಸಾ, ಇದಕ್ಕೆ ಇಲ್ಲೇ ಇಷ್ಟ್ ಹುಲ್ಲೈತಲ್ಲ, ಮತ್ಯಾಕ್ ನಮ್ಮೊಲಕ್ ಬತ್ತದೆ?" ಎಂದು ಕೇಳಿದಳು. ನಾಲ್ಕನೇ ಕ್ಲಾಸು. ಇಡೀ ಪತ್ರದಲ್ಲಿ ನಾನು ಕೇಳುತ್ತಿರುವುದನ್ನು ಅವಳು ಒಂದೇ ಮಾತಿನಲ್ಲಿ ಕೇಳಿಬಿಟ್ಟಳು. ಕೋಟೆ, ಸರಗೂರು ತಾಲ್ಲೂಕಿನ ಕಾಡಂಚಿನ ಪ್ರತಿ ಶಾಲೆಯ ಮಕ್ಕಳಿಗೂ ಬೇಸಿಗೆ ರಜೆಗೆ ಮೊದಲು ಒಂದು ಸಲ ಆ ದಡ ತೋರಿಸಿ. ಹೇಳಿಕೊಡಲು ಹಾಡಿಯ ಹಿರಿಯರನ್ನು ಕರೆದು ಕೂಲಿ ಕೊಡಿ. ಯಾವ ಬಳ್ಳಿಯ ಬೇರು ಆನೆ ಯಾವ ತಿಂಗಳು ತಿನ್ನುತ್ತದೆ ಎಂದು ನನ್ನ ಪಾಠಪುಸ್ತಕದಲ್ಲಿ ಇಲ್ಲ, ಅವರ ಬಾಯಲ್ಲಿ ಇದೆ.

ನೋಡಲು ಬರುವವರಿಗೂ ಒಂದು ವಿನಂತಿ. ನೀವು ಬರಬೇಡಿ ಎಂದಲ್ಲ, ಖಂಡಿತ ಬನ್ನಿ. ದೋಣಿಯವನಿಗೆ "ಇನ್ನೂ ಸ್ವಲ್ಪ ಹತ್ತಿರ" ಎಂದು ಹೇಳಬೇಡಿ. ಅವನು ಹತ್ತಿರ ಹೋಗುವುದು ನಿಮ್ಮ ಮಾತಿಗೆ, ನೀವು ಕೊಡುವ ಟಿಪ್ಸಿಗೆ. "ದೂರದಲ್ಲೇ ನಿಲ್ಲಿಸಪ್ಪ" ಎಂದು ಹೇಳಿ ನೋಡಿ. ಇಂಜಿನ್ ಆರಿದ ಮೇಲೆ ಹುಲ್ಲು ಬಡಿಯುವ ಸದ್ದು ಕೇಳಿಸುತ್ತದೆ. ಆನೆ ಗಂಟಲಿನಿಂದ ಗುರುಗುಡುವ ಸದ್ದು ಕೇಳಿಸುತ್ತದೆ. ಅದು ಫೋಟೋದಲ್ಲಿ ಬರುವುದಿಲ್ಲ.

ಕೊನೆಯದಾಗಿ, ಸಫಾರಿ ಹೊರಡುವ ಜಾಗದಲ್ಲಿ ಒಂದು ಗೋಡೆ ಕೇಳುತ್ತೇನೆ. ಅದರ ಮೇಲೆ ಕನ್ನಡದಲ್ಲಿ ಈ ನೆಲದ ಕಥೆ ಬರೆಸಿ. ಪುನ್ನಾಟ, ಕಾಕನಕೋಟೆ, ಖೆಡ್ಡಾ, ಹಾಡಿಗಳು, ಅರ್ಜುನ, ಭೋಗೇಶ್ವರ. ಮುಳುಗಿದ ಊರುಗಳ ಹೆಸರನ್ನು ಒಂದೂ ಬಿಡದೆ ಬರೆಸಿ. ನನ್ನ ಅಜ್ಜಿ ಈಗ ಇಲ್ಲ. ತೀರಿಕೊಳ್ಳುವ ಮೊದಲ ಎರಡು ವರ್ಷ ಅವಳು ಹೇಳಿದ್ದನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಊರುಗಳ ಹೆಸರು, ಹೊಲಗಳ ಹೆಸರು, ದನ ನೀರು ಕುಡಿಯುತ್ತಿದ್ದ ಮಡುವಿನ ಹೆಸರು, ಆನೆ ಹೊಳೆ ದಾಟುತ್ತಿದ್ದ ಕಡವಿನ ಹೆಸರು. ಆ ಕಡವುಗಳಲ್ಲಿ ಎರಡನ್ನು ನಾನು ಬೇಸಿಗೆಯಲ್ಲಿ ಗುರುತು ಹಿಡಿದಿದ್ದೇನೆ. ನೀರು ಇಳಿದರೆ ಆನೆಗಳು ಈಗಲೂ ಅದೇ ಜಾಗದಲ್ಲಿ ದಾಟುತ್ತವೆ. ಜನವರಿಯ ಸಭೆಗೆ ನನ್ನನ್ನೂ ಕರೆದರೆ ಆ ನೋಟ್‌ಬುಕ್ ತಂದು ನಿಮ್ಮ ಮುಂದೆ ಇಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಕಾಡಂಚಿನ ಒಬ್ಬ ಮೇಷ್ಟ್ರು, ಎಚ್.ಡಿ. ಕೋಟೆ ಸೀಮೆ